ಬೀಗರ ಬಾಯಿಗೆ ಬೀಗ

ಆ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವನನ್ನು ಎಲ್ಲರೂ ಮುಳ್ಳಣ್ಣ ಎಂದೇ ಕರೆಯುತ್ತಿದ್ದರು. ಗಡಿಯಾರದ ಮುಳ್ಳು ತಿರುಗಿಸುವ ಕಸುಬಿನಿಂದ ಬಂದ ಹೆಸರು ಎಂದು ಅವನು ಹೇಳಿಕೊಳ್ಳುತ್ತಿದ್ದ. ಎದುರು ಸಾಲಿನ ದರ್ಜಿ ಅದನ್ನು ಒಪ್ಪುತ್ತಿರಲಿಲ್ಲ. "ಮುಳ್ಳು ಇರೋದು ಗಡಿಯಾರದಲ್ಲಲ್ಲ, ಇವರ ನಾಲಿಗೆಯಲ್ಲಿ," ಎನ್ನುತ್ತಿದ್ದ. ಹಾಗೆನ್ನುವ ಹಕ್ಕು ಅವನಿಗಿತ್ತು. ದರ್ಜಿಯ ಮಗಳನ್ನು ಮುಳ್ಳಣ್ಣನ ಮಗನಿಗೆ ಕೊಟ್ಟಿತ್ತು, ಇಬ್ಬರೂ ಬೀಗರು.

ಜಗಳ ಶುರುವಾದದ್ದೇ ಮದುವೆಯ ದಿನ. ಬೀಗರಿಗೆಂದು ದರ್ಜಿ ಕೈಯಾರೆ ಹೊಲಿದ ಕೋಟನ್ನು ಮುಳ್ಳಣ್ಣ ಎಲ್ಲರೆದುರು ತೊಟ್ಟು, ಎರಡೂ ಕೈ ಮುಂದಕ್ಕೆ ಚಾಚಿ, "ಬೀಗರೇ, ಎಡತೋಳು ಬಲತೋಳಿಗಿಂತ ಎರಡು ನಿಮಿಷ ಮುಂದಿದೆಯಲ್ಲ," ಎಂದುಬಿಟ್ಟಿದ್ದ. ಮಂಟಪವೆಲ್ಲ ನಕ್ಕಿತ್ತು. ಅಂದಿನಿಂದ ದರ್ಜಿ ಏನೇ ಹೊಲಿದರೂ ಮುಳ್ಳಣ್ಣ ಕೊಂಕು ತೆಗೆಯುವುದು, ದರ್ಜಿ ಅದಕ್ಕೆ ಬಡ್ಡಿ ಸೇರಿಸಿ ವಾಪಸು ಕೊಡುವುದು ನಡೆದೇ ಇತ್ತು. ಒಂದು ದಿನ ಇಬ್ಬರೂ ಕಚ್ಚಾಡದಿದ್ದರೆ ಬೀದಿಯವರು ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸುತ್ತಿದ್ದರು.

ಮುಳ್ಳಣ್ಣನ ಅಂಗಡಿ ಎಂದರೆ ಔಷಧಿ ಅಂಗಡಿಯ ಗೋಡೆಗೂ ಪಕ್ಕದ ಮೆಟ್ಟಿಲಿಗೂ ನಡುವೆ ಸಿಕ್ಕಿಸಿದಂತಿದ್ದ ಮರದ ಗೂಡು. ಮುಂದೆ ಸರಿಸುವ ಗಾಜು, ಒಳಗೆ ಮೊಣಕಾಲಿಗೆ ತಾಗುವ ಮೇಜು, ಹಿಂದೆ ಗೋಡೆಯ ತುಂಬ ಬೇರೆಬೇರೆ ಗಂಟೆ ತೋರಿಸುವ ಗಡಿಯಾರಗಳು. ಚಳಿಗಾಲದಲ್ಲಿ ಹಲಗೆಗಳ ಸಂದಿಯಿಂದ ಗಾಳಿ ಸೂಜಿಯಂತೆ ನುಗ್ಗುತ್ತಿತ್ತು. ಕಾಲ ಬಳಿ ಒಂದು ಹೀಟರ್ ಇತ್ತು, ನಿಜ. ಆದರೆ ಅದರ ಗಾಳಿಗೆ ಕೂದಲೆಳೆಯಂಥ ಸ್ಪ್ರಿಂಗುಗಳು ಹಾರುತ್ತವೆಂದು ಮುಳ್ಳಣ್ಣ ಮೊದಲು ಅದನ್ನು ಗೋಡೆಗೆ ಮುಖ ಮಾಡಿ ಇಟ್ಟ. ಆಮೇಲೆ ಆರಿಸಿಯೇ ಬಿಟ್ಟ. ಕೋಟನ್ನು ಮೊಳೆಗೆ ತೂಗುಹಾಕಿ ಬರೀ ಸ್ವೆಟರಿನಲ್ಲಿ ಕೂರುತ್ತಿದ್ದ, ಏಕೆಂದರೆ ಕೋಟಿನ ತೋಳು ಮೇಜಿನ ಮೇಲೆ ಸರಿದಾಡಿ ಸಣ್ಣ ಸ್ಕ್ರೂಗಳನ್ನೆಲ್ಲ ನೆಲಕ್ಕೆ ಗುಡಿಸುತ್ತಿತ್ತು. ಕೈಗವಸು ಹಾಕಿಕೊಂಡು ಚಿಮುಟ ಹಿಡಿಯುವುದಂತೂ ಆಗದ ಮಾತು.

"ನನಗೆ ಚಳಿಯೇ ಆಗಲ್ಲ," ಎನ್ನುತ್ತಿದ್ದ. "ಚಳಿ ನನ್ನ ಮುಖ ನೋಡಿ ಮುಂದಿನ ಅಂಗಡಿಗೆ ಹೋಗುತ್ತೆ."

ಸೊಸೆಗೆ ಈ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಅವಳಿಗೆ ಆಂಬುಲೆನ್ಸ್ ಕಚೇರಿಯಲ್ಲಿ ಫೋನ್ ಎತ್ತುವ ಕೆಲಸ. ಚಳಿಗಾಲ ಬಂತೆಂದರೆ ಕಿವಿ ಮರಗಟ್ಟಿದವರು, ಹಿಮದಲ್ಲಿ ಜಾರಿ ಬಿದ್ದು ಎದ್ದೇಳಲಾಗದವರು, ಮನೆಯೊಳಗೇ ತಣ್ಣಗಾಗಿ ಹೋದ ಮುದುಕರು, ಎಲ್ಲರ ಸುದ್ದಿಯೂ ಮೊದಲು ಬರುವುದು ಅವಳ ಕಿವಿಗೆ. ಅವಳ ಗಂಡ ರೈಲಿನಲ್ಲಿ ಗಾರ್ಡ್. ಮನೆಯಲ್ಲಿದ್ದದ್ದಕ್ಕಿಂತ ಹಳಿಯ ಮೇಲಿದ್ದದ್ದೇ ಹೆಚ್ಚು. ಹಾಗಾಗಿ ಮಾವನಿಗೆ ಬುದ್ಧಿ ಹೇಳುವ ಭಾರವೂ ಅವಳದ್ದೇ.

"ಮಾವ, ಎರಡೆರಡು ಕಾಲುಚೀಲ ಹಾಕ್ಕೊಂಡು ಆ ಬಿಗಿ ಬೂಟಿಗೆ ಕಾಲು ತುರುಕಬೇಡಿ. ರಕ್ತ ಓಡಾಡಲ್ಲ."

"ರಕ್ತ ಏನು ನಿನ್ನ ಆಂಬುಲೆನ್ಸೇನಮ್ಮ, ದಾರಿ ಬಿಡೋಕೆ? ಹೇಗೋ ನುಸುಳ್ಕೊಂಡು ಹೋಗುತ್ತೆ."

"ನೆಂದ ಕಾಲುಚೀಲದಲ್ಲಿ ಕೂರಬೇಡಿ. ಇನ್ನೊಂದು ಜೊತೆ ಚೀಲದಲ್ಲಿಟ್ಟಿದ್ದೀನಿ."

"ಇಡು ಇಡು. ನಿಮ್ಮಪ್ಪನಿಗೆ ಕೊಡ್ತೀನಿ, ತೋಳು ಅಂತ ಹೇಳಿ ಯಾರದ್ದಾದ್ರೂ ಕೋಟಿಗೆ ಹೊಲೀಲಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಯಾರು ಏನು ಹೇಳುವುದು? ಅವಳು ತವರಿನ ಅಂಗಡಿಗೆ ಬಂದು ಅಪ್ಪನ ಹತ್ತಿರ ಗೊಣಗಿದಳು. ದರ್ಜಿ ಹೊರಗೆ ನಕ್ಕ. ಒಳಗೆ ಯೋಚನೆ ಹತ್ತಿತು. ಬೀಗರಿಗೆ ಬೇಕಾದದ್ದು ಸ್ಕ್ರೂ ಗುಡಿಸದ ತೋಳು. ಅಷ್ಟು ತಾನೇ? ಮಣಿಕಟ್ಟಿನಲ್ಲಿ ಗುಂಡಿ ಹಾಕಿ ಮುಚ್ಚುವಂಥ ಪಟ್ಟಿ, ಒಳಗೆ ದಪ್ಪ ಉಣ್ಣೆ, ಕೂತಾಗ ಸೊಂಟ ಬಿಡದಷ್ಟು ಉದ್ದದ ಬೆನ್ನು, ಒಳಗೆ ಗಾಳಿ ನಿಲ್ಲುವಷ್ಟು ಸಡಿಲ. ಗಿರಾಕಿಗಳ ಕೆಲಸ ಬದಿಗಿಟ್ಟು ಹೊಸ ಕೋಟು ಕತ್ತರಿಸಿದ. ಪ್ರೀತಿಯಿಂದ ಎಂದು ಯಾರಾದರೂ ಅಂದಿದ್ದರೆ ಕತ್ತರಿ ಎತ್ತಿಕೊಂಡು ಹೊಡೆಯಲು ಹೋಗುತ್ತಿದ್ದನೋ ಏನೋ. "ಅವರ ಬಾಯಿ ಮುಚ್ಚಿಸೋಕೆ," ಎಂದೇ ಅವನು ಮಗಳಿಗೆ ಹೇಳಿದ್ದು.

ಕೋಟು ಮುಗಿಯುವ ಹೊತ್ತಿಗೆ ಆ ವರ್ಷದ ಕೆಟ್ಟ ಚಳಿ ಬಂತು. ಬಾಯಿಂದ ಬಿಟ್ಟ ಉಸಿರು ಮೀಸೆಯ ಮೇಲೆ ಹರಳುಗಟ್ಟುತ್ತಿತ್ತು. ರಾತ್ರಿಯಿಡೀ ಹಿಮ ಸುರಿದು, ಬೆಳಿಗ್ಗೆ ಮುಳ್ಳಣ್ಣ ಬಂದಾಗ ಗೂಡಂಗಡಿಯ ತಲೆಯ ಮೇಲೆ ಮೊಣಕೈ ಎತ್ತರ ಕೂತಿತ್ತು. ಸಲಿಕೆ ತರಲು ಸೋಮಾರಿತನ. ಪಕ್ಕದ ಮೆಟ್ಟಿಲು ಹತ್ತಿ ನಿಂತು ಉಣ್ಣೆಯ ಕೈಗವಸಿನಲ್ಲೇ ಅದನ್ನೆಲ್ಲ ತಳ್ಳಿ ಕೆಡವಿದ. ಕೈಗವಸು ತೊಯ್ದು ತೊಪ್ಪೆಯಾಯಿತು. ಕೆಳಗಿಳಿಯುವಾಗ ಒಂದು ಕಾಲು ಚರಂಡಿಯ ಕೆಸರುಹಿಮಕ್ಕೆ ಹೋಗಿ ಬೂಟಿನೊಳಗೆ ನೀರು ನುಗ್ಗಿತು. ಹಲ್ಲು ಕಟಕಟ ಎನ್ನುತ್ತಿದ್ದ ಅವನನ್ನು ದರ್ಜಿ ಎದುರುಗಡೆಯಿಂದ ನೋಡಿ, "ಏನು ಬೀಗರೇ, ಚಳಿಗೆ ನಿಮ್ಮ ಮುಖ ಇವತ್ತು ಇಷ್ಟ ಆದ ಹಾಗಿದೆ!" ಎಂದು ಕೂಗಿದ.

"ಚಳಿಯಲ್ಲ, ನಿಮ್ಮ ಬೋರ್ಡಿನ ಅಕ್ಷರ ನೋಡಿ ನಡುಕ ಬಂತು!" ಎಂದು ಮುಳ್ಳಣ್ಣ ತಿರುಗಿ ಕೂಗಿದ. ಎಲ್ಲ ಸರಿಯಾಗಿಯೇ ಇತ್ತು.

ಒದ್ದೆ ಕೈಗವಸನ್ನು ಮೊಳೆಗೆ ಸಿಕ್ಕಿಸಿ, ಒದ್ದೆ ಕಾಲುಚೀಲದಲ್ಲೇ ಕೆಲಸಕ್ಕೆ ಕೂತ. ಸೊಸೆ ಕೊಟ್ಟ ಒಣ ಜೊತೆ ಚೀಲದಲ್ಲೇ ಉಳಿಯಿತು. ಸಂಜೆಗೆ ಕೊಡುತ್ತೇನೆಂದು ಮಾತು ಕೊಟ್ಟ ಗೋಡೆ ಗಡಿಯಾರವೊಂದು ಬಿಚ್ಚಿಕೊಂಡು ಬಿದ್ದಿತ್ತು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಕಬ್ಬಿಣದ ಚಿಮುಟ ಬೆರಳಿಗೆ ಅಂಟುವಷ್ಟು ತಣ್ಣಗಿತ್ತು, ಎಡಗೈಯಲ್ಲಿ ಒತ್ತಿ ಹಿಡಿದಿದ್ದ ಗಡಿಯಾರದ ಹಿತ್ತಾಳೆ ಅದಕ್ಕಿಂತಲೂ. ಮೊದಲು ಬೆರಳು ಉರಿದವು, ಆಮೇಲೆ ಜುಮುಗುಟ್ಟಿದವು, ಆಮೇಲೆ ಏನೂ ಆಗಲಿಲ್ಲ. ಏನೂ ಆಗದ್ದರಿಂದ ಅವನಿಗೆ ಸಮಾಧಾನವೇ ಆಯಿತು.

ಬಿಸಿಲು ಇಳಿಯುವ ಹೊತ್ತಿಗೆ ದರ್ಜಿ ಹೊಸ ಕೋಟನ್ನು ತೋಳ ಮೇಲೆ ಹಾಕಿಕೊಂಡು ರಸ್ತೆ ದಾಟಿ ಬಂದ.

"ಹಾಕಿ ನೋಡಿ ಬೀಗರೇ. ಏನೇನು ಕೊಂಕು ತೆಗೀತೀರೋ ಒಂದೇ ಸಲ ತೆಗೆದುಬಿಡಿ."

ಮುಳ್ಳಣ್ಣ ನಿಧಾನವಾಗಿ ಎದ್ದ. ಕೈ ತೋಳಿನ ಬಾಯಿ ಹುಡುಕುತ್ತ ಎರಡು ಸಲ ತಪ್ಪಿತು. ದರ್ಜಿಯೇ ಹಿಡಿದು ತೂರಿಸಿದ. ಮೇಜಿನಿಂದ ಒಂದು ಸ್ಕ್ರೂ ಟಣ್ಣೆಂದು ಕೆಳಗೆ ಬಿತ್ತು. ಮುಳ್ಳಣ್ಣ ಬಗ್ಗಿ ನೋಡಲಿಲ್ಲ.

"ಹೇಗಿದೆ?"

"ಚೆನ್ನಾಗಿದೆ."

ದರ್ಜಿ ಕಿವಿ ಕೆರೆದುಕೊಂಡ. "ತೋಳು?"

"ಸರಿಯಾಗಿದೆ."

"ಎಡಗಡೇದು? ಸರಿಯಾಗಿ ನೋಡಿ ಹೇಳಿ."

"ನೀವು... ಹೇಳಿದ ಮೇಲೆ... ಸರೀನೇ."

ದರ್ಜಿ ಗೂಡಂಗಡಿಯಿಂದ ಹೊರಗೆ ತಲೆ ಹಾಕಿ ಬೀದಿಯ ಎರಡೂ ತುದಿ ನೋಡಿದ. ಇಂಥ ಮಾತಿಗೆ ಸಾಕ್ಷಿಯಾಗಲು ಒಂದು ನರಪಿಳ್ಳೆಯೂ ಇರಲಿಲ್ಲ. ಇರಲಿ, ಮಾತು ಮಾತೇ. ಮಣಿಕಟ್ಟಿನ ಎರಡು ಗುಂಡಿ ಇನ್ನೂ ಹಾಕಿರಲಿಲ್ಲ. "ಈಗಲೇ ಹಾಕಿ ತರ್ತೀನಿ," ಎಂದು ಕೋಟನ್ನು ಬಿಚ್ಚಿಸಿಕೊಂಡು, ಇಪ್ಪತ್ತರ ಹುಡುಗನ ಹಾಗೆ ಹಿಮದ ಮೇಲೆ ಜಾರುತ್ತ ತನ್ನ ಅಂಗಡಿಗೆ ಓಡಿದ.

ಅಲ್ಲಿ ಮಗಳು ಕೆಲಸ ಮುಗಿಸಿ ಬಂದು, ಒಲೆಯ ಪಕ್ಕ ನಿಂತು ಚಹಾ ಕುಡಿಯುತ್ತಿದ್ದಳು.

"ಒಪ್ಪಿಕೊಂಡ್ರು ಕಣೇ!" ದರ್ಜಿ ಕೋಟನ್ನು ಬಾವುಟದಂತೆ ಬೀಸಿದ. "ಚೆನ್ನಾಗಿದೆ ಅಂದ್ರು. ಎಡತೋಳೂ ಸರಿ ಅಂದ್ರು!"

"ಮಾವ? ಏನೂ ತಿರುಗಿ ಹೇಳಲಿಲ್ವಾ?"

"ಒಂದಕ್ಷರ ಇಲ್ಲ. ಬೀಗರ ಬಾಯಿಗೆ ಕೊನೆಗೂ ಬೀಗ ಹಾಕಿಬಿಟ್ಟೆ ನೋಡು!"

ಮಗಳು ನಗಲಿಲ್ಲ. ಲೋಟ ಕೆಳಗಿಟ್ಟಳು. "ಅಪ್ಪ, ಮಾವ ನಡುಗ್ತಿದ್ರಾ?"

"ಇಲ್ಲಮ್ಮ. ಬೆಳಿಗ್ಗೆ ನಡುಗ್ತಿದ್ರು, ನಾನೇ ರೇಗಿಸಿದೆ. ಈಗ ಕಲ್ಲುಗುಂಡಿನ ಹಾಗೆ ಕೂತಿದ್ದಾರೆ."

"ಹೀಟರ್ ಹಾಕಿತ್ತಾ?"

"ಅವರು ಯಾವತ್ತು ಹಾಕಿದ್ದಾರೆ?"

"ಮಾತು ಹೇಗಿತ್ತು?"

"ಸ್ವಲ್ಪ ಎಳೆದೆಳೆದು ಆಡಿದ್ರು. ನಿದ್ದೆಗಣ್ಣಿನವರ ಹಾಗೆ. ಪಾಪ, ಕೈ ತೋಳಿಗೆ ಹೋಗಲೇ ಇಲ್ಲ, ನಾನೇ..." ದರ್ಜಿಗೆ ಬಿದ್ದ ಸ್ಕ್ರೂ ನೆನಪಾಯಿತು. ಒಂದು ಸ್ಕ್ರೂಗೋಸ್ಕರ ಅರ್ಧ ಗಂಟೆ ನೆಲ ತಡವುವ ಮನುಷ್ಯ, ಬಿದ್ದದ್ದನ್ನು ತಿರುಗಿಯೂ ನೋಡಿರಲಿಲ್ಲ.

"ನೀನು ಗೆದ್ದಿಲ್ಲ ಅಪ್ಪ," ಎಂದಳು ಮಗಳು, ಆಗಲೇ ಬಾಗಿಲು ದಾಟುತ್ತ. "ಜಗಳ ಆಡೋಷ್ಟು ಬಿಸಿ ಅವರ ಮೈಯಲ್ಲಿ ಉಳಿದಿಲ್ಲ. ಆ ಬಟ್ಟೆ ಕತ್ತರಿಸೋ ಹಲಗೆ ತಗೊಂಡು ಬಾ!"

ಅವರು ಹೋದಾಗ ಮುಳ್ಳಣ್ಣ ಗೋಡೆಗೆ ಒರಗಿ ಕೂತಿದ್ದ. ಮುಖ ಸುಣ್ಣ ಬಳಿದಂತಿತ್ತು. ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಲು ಒದ್ದಾಡುತ್ತಿದ್ದ.

"ಮಾವ, ಏನು ಮಾಡ್ತಿದ್ದೀರಿ?"

"ಸೆಕೆ," ಎಂದ ಮುಳ್ಳಣ್ಣ.

"ಚಳಿ ಮಿತಿ ಮೀರಿದಾಗ ಹೀಗೇ, ಸೆಕೆ ಅನ್ಸುತ್ತೆ," ಎಂದಳು ಮಗಳು. ದರ್ಜಿ ಬೀಗರ ಕೈ ಹಿಡಿದು ಉಜ್ಜಲು ಹೋದ. ಮಗಳು ತಡೆದಳು. "ಉಜ್ಜಬೇಡ. ಆ ಎರಡು ಬೆರಳ ತುದಿ ನೋಡು."

ಎಡಗೈಯ ತೋರುಬೆರಳು, ನಡುಬೆರಳುಗಳ ತುದಿ ಮೇಣದಬತ್ತಿಯಂತೆ ಬಿಳಿಚಿ ಗಟ್ಟಿಯಾಗಿತ್ತು. "ಉಜ್ಜಿದ್ರೆ ಒಳಗೆ ಚರ್ಮ ಹರಿಯುತ್ತೆ. ಬೆಂಕಿಗೆ ಹಿಡಿದ್ರೆ ಸುಟ್ಟರೂ ಅವರಿಗೆ ಗೊತ್ತಾಗಲ್ಲ. ಬೆರಳು ಆಮೇಲೆ. ಮೊದಲು ಮನುಷ್ಯ."

ಔಷಧಿ ಅಂಗಡಿಯವನನ್ನು ಕರೆದು, ದರ್ಜಿ ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಮುಳ್ಳಣ್ಣನನ್ನು ಮಲಗಿಸಿದರು. "ಗಾಜಿನ ಸಾಮಾನು ಅಂದ್ಕೊಳ್ಳಿ, ಕುಲುಕಬೇಡಿ. ತಣ್ಣಗಾದ ಹೃದಯ ಎಗರಾಟ ತಡ್ಕೊಳಲ್ಲ," ಎಂದು ಸೊಸೆ ಪಕ್ಕದಲ್ಲೇ ನಡೆದಳು. ದರ್ಜಿಯ ಅಂಗಡಿಯೊಳಗೆ ತಂದು ಬಾಗಿಲು ಮುಚ್ಚಿ, ಒದ್ದೆ ಕಾಲುಚೀಲಗಳನ್ನು ಕತ್ತರಿಯಿಂದಲೇ ಸೀಳಿ ತೆಗೆದರು. ಗಿರಾಕಿಗಳ ಕೋಟು, ಶಾಲು, ಅಳತೆಗೆ ಬಂದ ಹೆಂಗಸರ ಉದ್ದ ನಿಲುವಂಗಿ, ಇದ್ದಬದ್ದದ್ದನ್ನೆಲ್ಲ ಹೊದಿಸಿದರು. ತಲೆಗೆ ಟೋಪಿ ಬಂತು. ಬಿಸಿನೀರು ತುಂಬಿದ ಸೀಸೆಗಳನ್ನು ಟವೆಲಿನಲ್ಲಿ ಸುತ್ತಿ ಕಂಕುಳ ಕೆಳಗೆ, ಎದೆಯ ಪಕ್ಕ ಇಟ್ಟರು. ಕೈಕಾಲಿಗೆ ಇಡಬಾರದೆಂದಳು, ಅಲ್ಲಿಯ ತಣ್ಣನೆ ರಕ್ತ ಒಮ್ಮೆಗೇ ಒಳಗೆ ನುಗ್ಗಿದರೆ ಅಪಾಯವಂತೆ.

ಸುಮ್ಮನೆ ನಿಲ್ಲಲಾಗದ ದರ್ಜಿ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ಬಂದ.

"ಅಪ್ಪ, ಅದನ್ನ ಅಲ್ಲೇ ಇಡು. ಮಾವ ಮುದುರಿದ ಷರ್ಟ್ ಅಲ್ಲ."

"ಹಾಗಾದ್ರೆ ಒಂದು ಗುಟುಕು ಬ್ರಾಂದಿ? ಹಲ್ಲುನೋವಿಗೆ ಅಂತ ಇಟ್ಟಿದ್ದೀನಿ..."

"ನಿನ್ನ ಹಲ್ಲುನೋವಿನ ವಿಷಯ ಆಮೇಲೆ ಮಾತಾಡೋಣ. ಬ್ರಾಂದಿ ಕುಡಿದ್ರೆ ಬಿಸಿ ಅನ್ಸುತ್ತೆ ಅಷ್ಟೇ. ಒಳಗಿರೋ ಚೂರು ಬಿಸಿಯೂ ಚರ್ಮಕ್ಕೆ ಬಂದು ಹೊರಗೆ ಹೋಗುತ್ತೆ."

ನಡುವೆ ಅವಳು ಕಚೇರಿಗೆ ಫೋನ್ ಮಾಡಿದಳು. ಪಕ್ಕದ ಕುರ್ಚಿಯ ಗೆಳತಿಯೇ ಎತ್ತಿ, ನಿಯಮದಂತೆ ಒಂದೊಂದೇ ಪ್ರಶ್ನೆ ಶುರು ಮಾಡಿದಳು. ಉಸಿರಾಡ್ತಿದ್ದಾರಾ, ಎಚ್ಚರ ಇದ್ದಾರಾ, ವಯಸ್ಸೆಷ್ಟು? "ಎಷ್ಟು ಪ್ರಶ್ನೆ ಕೇಳ್ತೀಯೇ, ಮೊದಲು ಗಾಡಿ ಕಳಿಸು!" ಎಂದು ಇವಳು ರೇಗಿದಳು. ಅತ್ತಲಿಂದ ಶಾಂತವಾಗಿ, "ಗಾಡಿ ಆಗಲೇ ಹೊರಟಿದೆ, ಗಾಬರಿಯಾಗಬೇಡಿ," ಎಂದು ಬಂತು. ದಿನಕ್ಕೆ ನೂರು ಸಲ ತಾನೇ ಹೇಳುವ ಮಾತು ಕೇಳುವವರಿಗೆ ಎಷ್ಟು ಸಿಟ್ಟು ತರಿಸುತ್ತದೆಂದು ಅವಳಿಗೆ ಅಂದು ತಿಳಿಯಿತು.

ಗಾಡಿ ಬರುವಷ್ಟರಲ್ಲಿ ಹೊದಿಕೆಗಳೊಳಗೆ ಸಣ್ಣಗೆ ನಡುಕ ಶುರುವಾಯಿತು. ಹಲ್ಲು ಕಡಿಯುವ ಸದ್ದು ಕೇಳಿ ದರ್ಜಿ ಹೆದರಿದ. ಮಗಳು ಮಾತ್ರ ಮೊದಲ ಸಲ ದೊಡ್ಡ ಉಸಿರು ಬಿಟ್ಟಳು. "ನಡುಗಲಿ ಅಪ್ಪ. ಮೈ ತಾನೇ ಬಿಸಿ ಮಾಡ್ಕೊಳೋಕೆ ಶುರು ಮಾಡಿದೆ."

ಆಸ್ಪತ್ರೆಯಲ್ಲಿ ಮುಳ್ಳಣ್ಣನನ್ನು ನಿಧಾನವಾಗಿ ಬೆಚ್ಚಗೆ ಮಾಡಿ, ಆಮೇಲೆ ಬೆರಳುಗಳನ್ನು ಉಗುರುಬೆಚ್ಚನೆ ನೀರಿನಲ್ಲಿ ಅದ್ದಿಟ್ಟರು. ಹೊರಗಿನ ಬೆಂಚಿನ ಮೇಲೆ ದರ್ಜಿ ತಲೆ ತಗ್ಗಿಸಿ ಕೂತಿದ್ದ.

"ಹಾಕಿದ್ದ ಕೋಟನ್ನ ನಾನೇ ಬಿಚ್ಚಿಕೊಂಡು ಬಂದೆ ಕಣೇ. ಎರಡು ಗುಂಡಿಗೋಸ್ಕರ."

ಮಗಳು ಅವನ ಪಕ್ಕ ಕೂತಳು. "ಬಿಟ್ಟು ಬಂದಿದ್ರೂ ಸಾಲ್ತಿರಲಿಲ್ಲ ಅಪ್ಪ. ಕೋಟು ಬಿಸಿ ಕೊಡಲ್ಲ, ಇರೋ ಬಿಸಿ ಹಿಡಿದಿಡುತ್ತೆ ಅಷ್ಟೇ. ಅವರ ಹತ್ತಿರ ಹಿಡಿದಿಡೋಕೆ ಏನೂ ಇರಲಿಲ್ಲ. ನೀನು ಬಂದು ಜಂಬ ಕೊಚ್ಚಿಕೊಂಡಿಲ್ಲ ಅಂದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

"ಅಂದ್ರೆ ನನ್ನ ಜಂಬದಿಂದ ಒಳ್ಳೇದಾಯ್ತು ಅಂತೀಯಾ?"

"ಈ ಒಂದು ಸಲ."

ಒಳಗಿನಿಂದ, "ಅಯ್ಯಯ್ಯೋ!" ಎಂಬ ಕೂಗು ಕೇಳಿತು. ಬೆರಳಿಗೆ ಜೀವ ಬರುವಾಗ ನೋವೂ ಜೊತೆಗೇ ಬಂದಿತ್ತು. ದರ್ಜಿ ಒಳಗೆ ಓಡಿದ. ಮುಳ್ಳಣ್ಣ ಕಣ್ಣು ಬಿಟ್ಟು, ತನ್ನ ಕಾಲಿನ ಮೇಲೆ ಇನ್ನೂ ಹೊದಿಸಿದ್ದ ಹೆಂಗಸರ ನಿಲುವಂಗಿಯನ್ನು ನೋಡುತ್ತಿದ್ದ.

"ಬೀಗರೇ," ಎಂದ ಕ್ಷೀಣವಾಗಿ, "ಇದರ ಅಸ್ತರು ಹೊಲಿದಿದ್ದು ನೀವೇನಾ?"

"ಹೌದು ಬೀಗರೇ, ನಾನೇ."

"ಅದಕ್ಕೇ... ಆಗಿನಿಂದ ಚುಚ್ತಾ ಇದೆ."

ದರ್ಜಿಯ ಕಣ್ಣಲ್ಲಿ ನೀರು ತುಂಬಿತು. ಹೊರಗೆ ಓಡಿಬಂದು, "ಬೈದ್ರು ಕಣೇ! ಸರಿಯಾಗೇ ಬೈದ್ರು!" ಎಂದು ಮಗಳ ಕೈ ಹಿಡಿದು ಕುಲುಕಿದ. ಬೆಂಚಿನ ಮೇಲಿದ್ದ ಬೇರೆಯವರು ಈ ಮನುಷ್ಯನಿಗೆ ಏನಾಗಿದೆಯೋ ಎಂದು ಸ್ವಲ್ಪ ಸರಿದು ಕೂತರು.

ಬೆರಳ ತುದಿಗಳು ಊದಿ ಬೊಬ್ಬೆಯೆದ್ದವು. ಡಾಕ್ಟರಮ್ಮ ಅವನ್ನು ಒಡೆಯಬಾರದು, ಇನ್ನೊಮ್ಮೆ ಚಳಿ ತಾಗಿಸಲೇಬಾರದು, ಬೀಡಿ ಸಿಗರೇಟು ಮುಟ್ಟಬಾರದು ಎಂದು ಹೇಳಿದರು. ಬೆರಳು ಉಳಿಯುತ್ತವೆ, ಆದರೆ ಸ್ಪರ್ಶ ಪೂರ್ತಿ ಬರಲು ತಿಂಗಳುಗಳೇ ಬೇಕು, ಬಾರದೆಯೂ ಇರಬಹುದು ಎಂದರು.

"ಅಲ್ಲಮ್ಮ," ಮನೆಗೆ ಬಂದ ಮೇಲೆ ಮುಳ್ಳಣ್ಣ ಸೊಸೆಯನ್ನು ಕೇಳಿದ, ಎಂದಿಲ್ಲದ ಮೆತ್ತನೆಯ ದನಿಯಲ್ಲಿ, "ನನಗೇ ಯಾಕೆ ಗೊತ್ತಾಗಲಿಲ್ಲ?"

"ಗೊತ್ತಾಗಬೇಕಾದ ತಲೆಯೇ ಮೊದಲು ಮಂಕಾಗುತ್ತೆ ಮಾವ. ವಯಸ್ಸಾದ ಮೈಗಂತೂ ಚಳಿ ಹತ್ತಿದ್ದೂ ತಡವಾಗಿ ತಿಳಿಯುತ್ತೆ. ಅದಕ್ಕೇ ಪಕ್ಕದಲ್ಲಿ ಇನ್ನೊಬ್ಬರು ಇರಬೇಕು ಅನ್ನೋದು."

"ಪಕ್ಕದಲ್ಲಿ ಅಂದ್ರೆ... ನಿಮ್ಮಪ್ಪ?"

"ಬೇರೆ ಯಾರಾದ್ರೂ ನಿಮ್ಮನ್ನ ಇಡೀ ದಿನ ಸಹಿಸ್ಕೋತಾರೆ ಅಂದ್ರೆ ಹೇಳಿ, ಕರೀತೀನಿ."

ಮುಳ್ಳಣ್ಣ ಬಹಳ ಹೊತ್ತು ಯೋಚಿಸಿದ. ಯಾರ ಹೆಸರೂ ಹೊಳೆಯಲಿಲ್ಲ.

ಹೀಗೆ ಚಳಿಗಾಲ ಮುಗಿಯುವವರೆಗೆಂದು ಗಡಿಯಾರದ ಮೇಜು ರಸ್ತೆ ದಾಟಿ ದರ್ಜಿಯ ಕಿಟಕಿಯ ಪಕ್ಕ ಬಂತು. ಬಂದ ದಿನವೇ ಯುದ್ಧ. ದರ್ಜಿಯ ನೂಲಿನ ತುಣುಕು ಗಡಿಯಾರದೊಳಗೆ ಹೋಗುತ್ತದೆಂದು ಇವನು. ಇವನ ಗಡಿಯಾರಗಳು ಒಂದೊಂದು ಸಮಯಕ್ಕೆ ಬಾರಿಸಿ ತನ್ನ ಅಳತೆ ತಪ್ಪಿಸುತ್ತವೆಂದು ಅವನು. ಮುಳ್ಳಣ್ಣ ಬೆಳಿಗ್ಗೆ ಬರುವಾಗ ದೊಡ್ಡ ಅಳತೆಯ ಬೂಟು, ಕಿವಿ ಮುಚ್ಚುವ ಟೋಪಿ, ಒಂದರ ಮೇಲೊಂದು ಸಡಿಲವಾದ ಮೂರು ಅಂಗಿ. "ಈರುಳ್ಳಿ ಬಂತು," ಎಂದು ದರ್ಜಿ ಸ್ವಾಗತಿಸುತ್ತಿದ್ದ. ಮಧ್ಯಾಹ್ನ ಊಟ ತಪ್ಪಿಸಿದರೆ ಸೊಸೆಗೆ ಫೋನ್ ಹೋಗುತ್ತಿತ್ತು; ಆಂಬುಲೆನ್ಸ್ ನಂಬರಿಗಲ್ಲ, ಅವಳು ಬೈದು ಕೊಟ್ಟ ಇನ್ನೊಂದು ನಂಬರಿಗೆ.

ಬೆರಳಿನ ಸಿಪ್ಪೆ ಉದುರಿ ಹೊಸ ಚರ್ಮ ಬಂದ ಮೇಲೆ, ಒಂದು ದಿನ ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹೆಂಗಸರ ಕೈಗಡಿಯಾರವೊಂದನ್ನು ತೆರೆದ. ಚಿಮುಟ ಹಿಡಿದದ್ದು ಬಲಗೈ. ಆದರೆ ಸ್ಕ್ರೂವನ್ನು ಒತ್ತಿ ಹಿಡಿಯಬೇಕಾದ ಎಡಗೈಯ ಬೆರಳಿಗೆ ಅದು ಅಲ್ಲಿದೆಯೋ ಇಲ್ಲವೋ ತಿಳಿಯಲಿಲ್ಲ. ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಮೂರನೆಯ ಸಲಕ್ಕೆ ಅವನು ಭೂತಗನ್ನಡಿ ತೆಗೆದು ಚಿಮುಟದ ಜೊತೆ ಮೇಜಿನ ಮೇಲಿಟ್ಟ.

ಹೊಲಿಗೆ ಯಂತ್ರದ ಸದ್ದು ನಿಂತಿತು. ದರ್ಜಿ ಎದ್ದು ಬಂದ. ಚುಚ್ಚುಮಾತು ಬರುತ್ತದೆಂದು ಮುಳ್ಳಣ್ಣ ಹೆಗಲು ಬಿಗಿ ಹಿಡಿದ. ಆದರೆ ದರ್ಜಿ ಸೂಜಿ ಹಿಡಿದು ಹಿಡಿದು ಜಡ್ಡುಗಟ್ಟಿದ ತನ್ನ ತೋರುಬೆರಳನ್ನು ಒರೆಸಿಕೊಂಡು, ಸ್ಕ್ರೂವಿನ ಪಕ್ಕ ಇಟ್ಟ.

"ಎಲ್ಲಿ ಒತ್ತಬೇಕು, ಹೇಳಿ."

"ಇಲ್ಲಿ. ಮೆತ್ತಗೆ. ಇನ್ನೂ ಮೆತ್ತಗೆ. ಬೀಗರೇ, ಅದು ಗಡಿಯಾರ, ಕಂಬಳಿಯಲ್ಲ."

"ನೀವು ತಿರುಪಿ, ಮಾತು ಕಮ್ಮಿ ಮಾಡಿ."

ಇಬ್ಬರ ತಲೆಗಳೂ ಆ ಚಿಕ್ಕ ಗಡಿಯಾರದ ಮೇಲೆ ಬಾಗಿ ಒಂದಕ್ಕೊಂದು ತಾಗಿದವು. ಸ್ಕ್ರೂ ತನ್ನ ಜಾಗದಲ್ಲಿ ಕೂತಿತು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಎದ್ದು ಚಹಾ ಹಾಕುವವರು ಯಾರು ಎಂಬುದರ ಮೇಲೆ ಇನ್ನು ಸ್ವಲ್ಪ ಹೊತ್ತಿನಲ್ಲೇ ವಾದ ಶುರುವಾಗುವುದಿತ್ತು.